ಸೇಮ್ ಹೆಡರ್ ಹಿಡಿಯಲು ಯಾವುದು ಸರಿ: ಮೇಜಿನ ರೇಡಿಯೊ, ಚಿಪ್, ಡಾಂಗಲ್?

ಅಮೆರಿಕದ ಸರ್ಕಾರಿ ಹವಾಮಾನ ಪ್ರಸಾರವಾದ ನೋವಾ ವೆದರ್ ರೇಡಿಯೊದಲ್ಲಿ ಎಚ್ಚರಿಕೆಯ ಮಾತಿಗೆ ಮುಂಚೆ ಬರುವ ಕರ್ಕಶ ಗರಗರವೇ ಸೇಮ್ (SAME) ಹೆಡರ್: ಯಾವ ಅಪಾಯ, ಯಾವ ಕೌಂಟಿಗೆ ಎಂಬುದನ್ನು ಯಂತ್ರಕ್ಕೆ ಹೇಳುವ ಸಂಕೇತ. 2083.3 ಮತ್ತು 1562.5 ಹರ್ಟ್ಜ್‌ನ ಎರಡು ಸ್ವರ, ಸೆಕೆಂಡಿಗೆ 520.83 ಬಿಟ್, ಒಂದೊಂದು ಸೆಕೆಂಡ್ ಬಿಡುವು ಕೊಟ್ಟು ಮೂರು ಸಲ. ತಪ್ಪು ಪತ್ತೆಹಚ್ಚುವ ಚೆಕ್‌ಸಮ್ ಇಲ್ಲ, ಮೂರರಲ್ಲಿ ಎರಡು ತಾಳೆಯಾದರೆ ಸರಿ ಎಂದು ಲೆಕ್ಕ. ಹಾಳಾದ ಹೆಡರನ್ನು ಸಾಧನ ತೋರಿಸುತ್ತದೋ ಮುಚ್ಚಿಡುತ್ತದೋ ಎಂಬುದೇ ಹವ್ಯಾಸಿಗೆ ಮುಖ್ಯ.

ಮೇಜಿನ ರೇಡಿಯೊ ಪೂರ್ತಿ ಮುಚ್ಚಿಡುತ್ತದೆ. ಕೌಂಟಿ ಕೋಡ್ ಕೊಟ್ಟರೆ (ಸಾಂಟಾ ಕ್ಲಾರಾಗೆ 006085) ಸುಂಟರಗಾಳಿಯ ರಾತ್ರಿ ಎಬ್ಬಿಸುವುದಕ್ಕೆ ಇದಕ್ಕಿಂತ ನಂಬಿಕಸ್ಥ ಸಾಧನವಿಲ್ಲ. ಕಲಿಯಲು ಮಾತ್ರ ಏನೂ ಸಿಗದು.

ವೆದರ್ ರೇಡಿಯೊ ಹಿಡಿಯುವ ಎಸ್‌ಐ4707 ಚಿಪ್ ಡಿಕೋಡಿಂಗನ್ನು (ಸ್ವರಗಳನ್ನು ಅಕ್ಷರವಾಗಿಸುವುದನ್ನು) ತಾನೇ ಮಾಡಿ, ಪ್ರತಿ ಅಕ್ಷರದ ಜೊತೆ 0ರಿಂದ 3ರವರೆಗೆ ವಿಶ್ವಾಸದ ಅಂಕ ಕೊಡುತ್ತದೆ. ಇದು ಬಲು ಚಂದ. ಟ್ಯೂನಿಂಗ್ 2.5 ಕಿಲೋಹರ್ಟ್ಜ್ ಲೆಕ್ಕದಲ್ಲಿ, ಅಂದರೆ 162.400 ಮೆಗಾಹರ್ಟ್ಜ್‌ಗೆ 64960 ಎಂದು ಬರೆಯಬೇಕು. ಚಿಪ್ ಜೊತೆ ಮಾತಾಡುವ ಐ-ಸ್ಕ್ವೇರ್-ಸಿ ಗೆರೆಗಳು 3.3 ವೋಲ್ಟ್‌ನವು, 5 ವೋಲ್ಟ್‌ನ ಆರ್ಡುಯಿನೊ ಬೋರ್ಡಿಗೆ ನೇರ ಜೋಡಿಸಬೇಡಿ, ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಇರಲಿ. ಸಂದೇಶ ಮುಗಿದ ಮೇಲೆ ಬಫರ್ ಅಳಿಸದಿದ್ದರೆ ಹಳೆಯ ಹೆಡರಿನ ಬಾಲ ಹೊಸದಕ್ಕೆ ಅಂಟಿಕೊಳ್ಳುತ್ತದೆ.

ನಮ್ಮ ಆಯ್ಕೆ ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೊ ರಿಸೀವರ್ ಆದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಮತ್ತು ಹೆಡರ್ ಬಿಡಿಸುವ ತಂತ್ರಾಂಶ ಮಲ್ಟಿಮನ್-ಎನ್‌ಜಿ. ಕೆಲಸ ಕೆಡುವುದು ಮುಖ್ಯವಾಗಿ ಮೂರು ಕಡೆ. ಮೊದಲನೆಯದು ಸ್ಯಾಂಪಲ್ ದರ: ಡಾಂಗಲಿನ ಸಿಗ್ನಲನ್ನು ಧ್ವನಿಯಾಗಿಸುವ ಆರ್‌ಟಿಎಲ್-ಎಫ್‌ಎಂ ಆಜ್ಞೆಗೆ ಸೆಕೆಂಡಿಗೆ 22050 ಸ್ಯಾಂಪಲ್ ಎಂದು ಹೇಳದೆ ಬಿಟ್ಟರೆ ಅದು 24000ದಲ್ಲಿ ಕೊಡುತ್ತದೆ, ಮಲ್ಟಿಮನ್ 22050 ಎಂದೇ ಓದುತ್ತದೆ. ಸ್ವರಗಳು ಶೇ 8ರಷ್ಟು ಕೆಳಗಿಳಿದು, ಕಿವಿಗೆ ಸಿಗ್ನಲ್ ಸ್ವಚ್ಛವಾಗಿದ್ದರೂ ಪರದೆಯಲ್ಲಿ ಒಂದಕ್ಷರ ಮೂಡುವುದಿಲ್ಲ. ಎರಡನೆಯದು ಅಗ್ಗದ ಕ್ರಿಸ್ಟಲ್: 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ತಪ್ಪಿದರೆ 162 ಮೆಗಾಹರ್ಟ್ಜ್‌ನಲ್ಲಿ 8 ಕಿಲೋಹರ್ಟ್ಜ್ ಆಚೆ. ಡಾಂಗಲ್ ಬಿಸಿಯಾಗಲು ಬಿಟ್ಟು ಆಮೇಲೆ ಪಿಪಿಎಂ ತಿದ್ದಿ, ಇಲ್ಲವೇ ಬಿಸಿಗೆ ಅಲುಗದ ಕ್ರಿಸ್ಟಲ್, ಅಂದರೆ ಟಿಸಿಎಕ್ಸ್‌ಒ ಇರುವುದನ್ನೇ ಕೊಳ್ಳಿ. ಮೂರನೆಯದು ಆಂಟೆನಾ. ಎರಡು ತೋಳಿನ ಡೈಪೋಲ್‌ನಲ್ಲಿ ಕಾಲು ತರಂಗಕ್ಕೆ ಒಂದೊಂದು ತೋಳು 44 ಸೆಂ.ಮೀ. ಸಾಕು, ಪ್ರಸಾರ ಲಂಬ ಧ್ರುವೀಕರಣದ್ದು, ಹಾಗಾಗಿ ಡೈಪೋಲ್ ನೆಟ್ಟಗೆ ನಿಲ್ಲಲಿ. ಲಿನಕ್ಸ್‌ನಲ್ಲಿ ಟಿವಿಗಾಗಿ ಇರುವ ಡಿವಿಬಿ-ಟಿ ಡ್ರೈವರ್ ಡಾಂಗಲನ್ನು ಮೊದಲೇ ಹಿಡಿದುಕೊಂಡರೆ ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ (ಲೋಡ್ ಆಗದಂತೆ ತಡೆಯಿರಿ).

ಇಷ್ಟು ಪಾಡುಪಟ್ಟರೆ ಸಿಗುವುದು ಕಚ್ಚಾ ಧ್ವನಿ. ನಡುವೆ ಅದರ ಒಂದು ಪ್ರತಿಯನ್ನು ಕಡತಕ್ಕೆ ಬರೆಯುವ ಟೀ (tee) ಆಜ್ಞೆ ಹಾಕಿ ಉಳಿಸಿಕೊಂಡರೆ ದಿನಕ್ಕೆ ಸುಮಾರು 3.8 ಜಿಬಿ, ತಪ್ಪಿದ ಹೆಡರನ್ನು ಸ್ಪೆಕ್ಟ್ರೋಗ್ರಾಂನಲ್ಲಿ (ಧ್ವನಿಯ ಆವರ್ತನ ತೋರಿಸುವ ಚಿತ್ರದಲ್ಲಿ) ಬಿಡಿಸಿ, ಮೂರರಲ್ಲಿ ಯಾವ ಸಲ ಸದ್ದು ನುಗ್ಗಿತೆಂದು ನೋಡಬಹುದು. ಚಿಪ್ ಇದನ್ನು ಅಂಕದಲ್ಲಿ ಹೇಳುತ್ತದೆಯೇ ಹೊರತು ತೋರಿಸಲಾರದು.

ಬೆಂಗಳೂರಿನಲ್ಲಿ ಕುಳಿತವರಿಗೆ ಗಾಳಿಯಲ್ಲಿ ಸೇಮ್ ಸಿಗದು. ನಮ್ಮಲ್ಲಿ ಫೋನ್‌ಗೆ ಬರುವುದು ಸೆಲ್ ಬ್ರಾಡ್‌ಕಾಸ್ಟ್. ಸೇಮ್ ಹೆಡರಿನ ಧ್ವನಿಮುದ್ರಿಕೆಯನ್ನು ಮಲ್ಟಿಮನ್‌ಗೆ ಉಣಿಸಿ ಕಲಿಯಬಹುದು. ಅಮೆರಿಕದಲ್ಲಿರುವವರು ಆ ಮುದ್ರಿಕೆಯನ್ನು ಯಾವ ಪ್ರಸಾರಕ್ಕೂ ಸೇರಿಸಬಾರದು: ನಿಜವಾದ ತುರ್ತು ಅಥವಾ ಅಧಿಕೃತ ಪರೀಕ್ಷೆಯ ಹೊರತು ಈ ಸ್ವರಗಳನ್ನು ಬಿತ್ತರಿಸುವುದಕ್ಕೆ ಅಲ್ಲಿನ ಸಂವಹನ ನಿಯಂತ್ರಕ ಎಫ್‌ಸಿಸಿಯ ನಿಷೇಧವಿದೆ.