ಕ್ಲಿಪ್‌ಮೆನು: ಕಾಪಿ ಮಾಡಿದ್ದನ್ನು ಕಾಪಾಡುವ ಪುಟ್ಟ ತಂತ್ರಾಂಶ

ಕಾಸರಗೋಡಿನಲ್ಲಿ ಮಲಯಾಳದ ದಾಖಲೆಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಸರ್ವೆ ನಂಬರನ್ನು ಕಾಪಿ ಮಾಡಿ, ಅದನ್ನು ಪೇಸ್ಟ್ ಮಾಡುವ ಮೊದಲೇ ತರವಾಡಿನ (ಮೂಲ ಕುಟುಂಬದ) ಹೆಸರನ್ನೂ ಕಾಪಿ ಮಾಡಿ, ಮೊದಲಿನದನ್ನು ಕಳೆದುಕೊಳ್ಳುವುದು ನಿತ್ಯದ ತೊಂದರೆಯಾಗಿತ್ತು. ಆರು ತಿಂಗಳಿಂದ ಲಿನಕ್ಸಿನಲ್ಲಿ ಬಳಸುತ್ತಿರುವ ಕ್ಲಿಪ್‌ಮೆನು ಅದನ್ನು ನಿವಾರಿಸಿದೆ.

ಇದರ ಕ್ಲಿಪ್‌ಮೆನುಡಿ ಎಂಬ ಭಾಗವು ಹಿನ್ನೆಲೆಯಲ್ಲಿದ್ದು ಕಾಪಿ ಮಾಡಿದ ಪಠ್ಯಗಳನ್ನು ಉಳಿಸಿಕೊಳ್ಳುತ್ತದೆ. ನಾವು ಗೊತ್ತುಮಾಡಿದ ಕೀಲಿಯನ್ನು ಒತ್ತಿದರೆ ಪಟ್ಟಿ ತೋರಿಸುವ ಡಿಮೆನು ಎಂಬ ತಂತ್ರಾಂಶದಲ್ಲಿ ಅವುಗಳ ಪಟ್ಟಿ ತೆರೆದುಕೊಂಡು, ಎರಡು ಮೂರು ಅಕ್ಷರ ಟೈಪಿಸುವಷ್ಟರಲ್ಲಿ ಬೇಕಾದ ಸಾಲು ಸಿಗುತ್ತದೆ. ಎಂಟರ್ ಒತ್ತಿದಾಗ ಆ ಸಾಲು ಕ್ಲಿಪ್‌ಬೋರ್ಡಿಗೆ ಮರಳುತ್ತದೆ, ಪೇಸ್ಟನ್ನು ನಾವೇ ಮಾಡಬೇಕು. ಪಟ್ಟಿಯ ಮೂಲ ಮಿತಿ 1000 ಪಠ್ಯಗಳು. ನನಗೆ ಅದು ಧಾರಾಳವಾಯಿತು.

ಕನ್ನಡಿಗರು ಗಮನಿಸಲೇಬೇಕಾದ ಕೊರತೆಯೊಂದಿದೆ. ಡಿಮೆನುವಿಗೆ ಒತ್ತಕ್ಷರಗಳನ್ನು ಜೋಡಿಸಲು ಬರುವುದಿಲ್ಲವಾದ್ದರಿಂದ, ‘ಎಣ್ಮಕಜೆ’ ಎಂಬ ಊರಿನ ಹೆಸರಿನಲ್ಲಿ ಮಕಾರವು ಣಕಾರದ ಒತ್ತಾಗದೆ ಬಿಡಿಯಾಗಿ ಪಕ್ಕದಲ್ಲಿ ನಿಂತಿತ್ತು. ಪೇಸ್ಟ್ ಮಾಡಿದ ಮೇಲೆ ಅಕ್ಷರಗಳು ಸರಿಯಾಗಿಯೇ ಬರುತ್ತವೆ, ಆದರೆ ನಮ್ಮ ಲಿಪಿಯನ್ನು ಹಾಗೆ ಮುರಿದು ನೋಡಲು ಮನಸ್ಸು ಒಪ್ಪಲಿಲ್ಲ. ಸಿಎಂ_ಲಾಂಚರ್ ಎಂಬ ಪರಿಸರ ಚರಾಂಶಕ್ಕೆ (ತಂತ್ರಾಂಶ ಓದಿಕೊಳ್ಳುವ ಸೆಟ್ಟಿಂಗಿಗೆ) ಡಿಮೆನುವಿನ ಬದಲು ಬಳಸಬಹುದಾದ ರೋಫಿಯ ಹೆಸರನ್ನು ಕೊಟ್ಟ ಬಳಿಕ, ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಪ್ಯಾಂಗೋ ಆಧಾರಿತವಾದ ರೋಫಿಯಲ್ಲಿ ಕನ್ನಡವೂ ಮಲಯಾಳವೂ ಅಚ್ಚುಕಟ್ಟಾಗಿ ಮೂಡಿದವು.

ಕಕ್ಷಿದಾರರ ಆಧಾರ್ ಸಂಖ್ಯೆ, ಪಾಸ್‌ವರ್ಡುಗಳೂ ಪಟ್ಟಿಗೆ ಸೇರುವ ಅಪಾಯವಿರುವುದರಿಂದ, ಅವನ್ನು ಕಾಪಿ ಮಾಡುವ ಮುನ್ನ ಕ್ಲಿಪ್‌ಸಿಟಿಎಲ್ ಆದೇಶದಿಂದ ಸಂಗ್ರಹವನ್ನು ನಿಲ್ಲಿಸುತ್ತೇನೆ. ತಪ್ಪಿ ಸೇರಿದ್ದನ್ನು ಕ್ಲಿಪ್‌ಡೆಲ್‌ನಿಂದ ಅಳಿಸಬಹುದು. ಕ್ಲಿಪ್‌ಮೆನು ಲಿನಕ್ಸಿನ ಹಳೆಯ ಪರದೆ ವ್ಯವಸ್ಥೆಯಾದ ಎಕ್ಸ್11ಕ್ಕೆ ಮೀಸಲಾದ ತಂತ್ರಾಂಶ. ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬಳಸುವವರಿಗೆ ಇಂಥದೇ ಕ್ಲಿಪ್‌ಹಿಸ್ಟ್ ಇದೆ.