ಯೂರೇಲ್ ಪಾಸ್: ಮಹಾನಗರ ಸಾಕಾದವರಿಗೇ ಹೆಚ್ಚು ಲಾಭ

ಮಣಿಪಾಲದಲ್ಲಿ ಓದು ಮುಗಿಸಿ ಬ್ಯಾಗು ಹೆಗಲಿಗೇರಿಸುವವರ ಪಟ್ಟಿ ಹೆಚ್ಚುಕಡಿಮೆ ಒಂದೇ: ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ರೋಮ್. ತಲಾ ಎರಡು ರಾತ್ರಿ. ನಾಲ್ಕನೆಯ ಊರು ತಲುಪುವಷ್ಟರಲ್ಲಿ ಕ್ಯೂ, ಮೆಟ್ರೋ ಮೆಟ್ಟಿಲು, ಎಂಟು ಮಂಚದ ಹಾಸ್ಟೆಲ್ ಕೋಣೆ ಎಲ್ಲದಕ್ಕೂ ಒಂದೇ ಮುಖ. ಯುರೋಪಿನ 33 ದೇಶಗಳ ರೈಲುಗಳಲ್ಲಿ ನಡೆಯುವ ಯೂರೇಲ್ ಗ್ಲೋಬಲ್ ಪಾಸ್ ಕೊಳ್ಳುವುದು ಇಂಥವರೇ. ಆದರೆ ಈ ಪಾಸ್ ಅತಿ ಕಡಿಮೆ ಕೆಲಸಕ್ಕೆ ಬರುವುದೂ ಅವರಿಗೇ.

ಕಾರಣ ರಿಸರ್ವೇಶನ್. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಸ್ಪೇನಿನ ಎವಿಇ, ಯೂರೋಸ್ಟಾರ್ ಈ ಅತಿವೇಗದ ರೈಲುಗಳಿಗೆ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು. ಯೂರೋಸ್ಟಾರ್‌ನಲ್ಲಂತೂ ಪಾಸಿನವರಿಗೆ ಮೀಸಲಾದ ಸೀಟು ಮುಗಿದರೆ ಪೂರ್ತಿ ಟಿಕೆಟ್ಟೇ ಗತಿ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ನೆದರ್ಲೆಂಡ್ಸ್‌ನ ಪ್ರಾದೇಶಿಕ ರೈಲುಗಳಿಗೆ ಈ ಕಾಟ ಇಲ್ಲ. ನಮ್ಮ ಮಡಗಾಂವ್ ಪ್ಯಾಸೆಂಜರ್ ಹಾಗೆ ಹತ್ತಿ ಕೂತರಾಯಿತು. ಸಣ್ಣ ಊರುಗಳಿಗೆ ಹೋಗುವುದೂ ಇವೇ.

ಕೊಳ್ಳುವುದಾದರೆ ಒಂದು ತಿಂಗಳಲ್ಲಿ 7 ದಿನ ಪ್ರಯಾಣಿಸುವ ಫ್ಲೆಕ್ಸಿ ಪಾಸ್ ಸಾಕು. ದಿನವೂ ರೈಲು ಹತ್ತಿಸುವ ಕಂಟಿನ್ಯೂಯಸ್ ಪಾಸೇ ಆಯಾಸದ ಮೂಲ. 27 ವರ್ಷದವರೆಗೆ ಯೂತ್ ದರ ಉಂಟು. ಫ್ಲೆಕ್ಸಿಯ ಒಂದು ದಿನಕ್ಕೆ ಅಂದಾಜು 40ರಿಂದ 55 ಯೂರೋ ಬೀಳುತ್ತದೆ. ಅದನ್ನು ಐದಾರು ಯೂರೋದ ಪ್ರಯಾಣಕ್ಕೆ ಖರ್ಚು ಮಾಡುವುದು ದಡ್ಡತನ. ಆಮ್‌ಸ್ಟರ್‌ಡ್ಯಾಮ್ ನೋಡಲು ಹಾರ್ಲೆಮ್‌ನಲ್ಲಿ, ವೆನಿಸ್ ನೋಡಲು ಪಾದುವಾದಲ್ಲಿ, ಬ್ರಸೆಲ್ಸ್ ನೋಡಲು ಘೆಂಟ್‌ನಲ್ಲಿ ಕೋಣೆ ಹಿಡಿಯಿರಿ. ಹೋಗಿಬರಲು ಬಿಡಿ ಟಿಕೆಟ್ ಕೊಂಡು, ಪಾಸಿನ ದಿನಗಳನ್ನು ದೂರದ ಹಾದಿಗೆ ಉಳಿಸಿ. ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತದಿದ್ದರೆ ದಂಡ. ಪಾದುವಾದಲ್ಲಿ ಜೊತ್ತೊ ಚಿತ್ರಿಸಿದ ಸ್ಕ್ರೊವೆನ್ಯಿ ಚಾಪೆಲ್‌ಗೆ ಮೊದಲೇ ಬುಕ್ ಮಾಡಬೇಕು. ಸುಮ್ಮನೆ ಬಾಗಿಲಿಗೆ ಹೋದರೆ ಒಳಗೆ ಬಿಡುವುದು ಕಷ್ಟ.

ಪ್ರಾದೇಶಿಕ ರೈಲಿನಲ್ಲಿ ನಿಜವಾಗಿ ನೋಡಬೇಕಾದ ಹಾದಿ ಸ್ಲೊವೇನಿಯಾದ್ದು. ಲುಬ್ಲಿಯಾನಾದಿಂದ ಹೊರಟು ಯೆಸೆನಿತ್ಸೆಯಲ್ಲಿ ರೈಲು ಬದಲಿಸಿ, ಬ್ಲೆಡ್ ಸರೋವರದ ಬಳಿಯ ಬ್ಲೆಡ್ ಯೆಜೆರೊ ಸ್ಟೇಷನ್ನಿಗೆ ಬನ್ನಿ. ಲೆಸ್ತ್ಸೆ-ಬ್ಲೆಡ್ ಎಂಬ ಇನ್ನೊಂದು ಸ್ಟೇಷನ್ ಇದೆ, ಅಲ್ಲಿಳಿದರೆ ಸರೋವರ ಸುಮಾರು 4 ಕಿಮೀ. ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ಇಳಿದು ರಥಬೀದಿ ಹುಡುಕಿದ ಹಾಗೆ! ಯೆಜೆರೊದಿಂದ ಮುಂದೆ 1906ರ ಹಳಿಯ ಮೇಲೆ ನೋವಾ ಗೊರಿತ್ಸಾವರೆಗೆ ಹೋಗಬಹುದು. ಕೊನೆಗೆ ಸಿಗುವ ಸೊಲ್ಕಾನ್ ಸೇತುವೆಯ ಕಲ್ಲಿನ ಕಮಾನು 85 ಮೀಟರ್. ಕೊಂಕಣ ರೈಲ್ವೆಯ ಕಿಟಕಿಗೆ ಮೂಗು ಒತ್ತಿ ಬೆಳೆದವರಿಗೆ ಇದರ ರುಚಿ ಬೇರೆ ಹೇಳಬೇಕಿಲ್ಲ. ನೋವಾ ಗೊರಿತ್ಸಾ ಸ್ಟೇಷನ್ನಿನ ಎದುರಿನ ಚೌಕದಲ್ಲೇ ಗಡಿ. ದಾಟಿದರೆ ಇಟಲಿಯ ಗೊರಿಜಿಯಾ, ಅಲ್ಲಿಂದ ಪಾದುವಾ ಕಡೆಗೆ ಪ್ರಾದೇಶಿಕ ರೈಲು. ಈ ಹಾದಿಯಲ್ಲಿ ರೈಲುಗಳು ವಿರಳ. ಹಳಿ ಕೆಲಸವಿದ್ದರೆ ಬದಲಿ ಬಸ್ಸು, ಆಗ ಸೇತುವೆಯ ನೋಟ ತಪ್ಪುತ್ತದೆ. ಹಿಂದಿನ ದಿನವೇ ವೇಳಾಪಟ್ಟಿ ನೋಡಿ.

ಪಾಸ್ ಇರುವುದು ರೈಲ್ ಪ್ಲಾನರ್ ಆಪ್‌ನಲ್ಲಿ. ಪ್ರತಿ ಪ್ರಯಾಣವನ್ನೂ ಹತ್ತುವ ಮೊದಲೇ ಆಪ್‌ಗೆ ಸೇರಿಸಿ, ಆ ದಿನವನ್ನು ಆನ್ ಮಾಡಿ ಕ್ಯೂಆರ್ ತೆಗೆದಿಟ್ಟುಕೊಳ್ಳಬೇಕು. ಟಿಟಿ ಬಂದ ಮೇಲೆ ಒತ್ತಿದರೆ ಅದು ಟಿಕೆಟ್ ಇಲ್ಲದ ಪ್ರಯಾಣವೇ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಇನಿಶಿಯಲ್ ಬಿಡಿಸಿ ಬರೆದದ್ದು, ಸರ್‌ನೇಮ್ ಖಾಲಿ ಬಿಟ್ಟದ್ದು, ನಮ್ಮವರು ಎಡವುವುದು ಇಲ್ಲೇ. ರಾತ್ರಿ ರೈಲು ಹತ್ತಿ ಮಧ್ಯರಾತ್ರಿಯ ಬಳಿಕ ಬೇರೆ ರೈಲು ಬದಲಿಸದಿದ್ದರೆ ಹೊರಟ ದಿನ ಮಾತ್ರ ಲೆಕ್ಕ. ಮಲಗುವ ಬರ್ತ್‌ಗೆ ಹಣ ಪ್ರತ್ಯೇಕ.

ಬರೀ ಲಕ್ಸಂಬರ್ಗ್ ಸುತ್ತುವವರಿಗೆ ಪಾಸೇ ಬೇಡ. 2020ರಿಂದ ಅಲ್ಲಿ ಎರಡನೇ ದರ್ಜೆಯ ರೈಲು, ಬಸ್ಸು ಎರಡೂ ಉಚಿತ. ಜರ್ಮನಿಯೊಂದರಲ್ಲೇ ತಿಂಗಳು ಕಳೆಯುವವರಿಗೆ ಅಲ್ಲಿನ ಪ್ರಾದೇಶಿಕ ರೈಲು, ಬಸ್ಸುಗಳಲ್ಲಿ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಅಗ್ಗ, ಆದರೆ ಅದು ಚಂದಾ ಮಾದರಿ. ಸಮಯಕ್ಕೆ ರದ್ದು ಮಾಡದಿದ್ದರೆ ಊರಿಗೆ ಬಂದು ಕೋರಿರೊಟ್ಟಿ ತಿನ್ನುವಾಗಲೂ ಹಣ ಕಡಿತವಾಗುತ್ತಿರುತ್ತದೆ. ಇನ್ನು ಜರ್ಮನಿಯ ಸಣ್ಣ ಊರುಗಳಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ. ಸಸ್ಯಾಹಾರಿಗಳು ಶನಿವಾರ ಸಂಜೆಯೇ ಬ್ರೆಡ್ಡು, ಮೊಸರು, ಹಣ್ಣು ತಂದಿಟ್ಟುಕೊಳ್ಳಿ.