145 ಮೆಗಾಹರ್ಟ್ಸ್‌ಗೆ ಹ್ಯಾಮ್ (ಹವ್ಯಾಸಿ) ರೇಡಿಯೋದಲ್ಲಿ ಯಾವ ಆಂಟೆನಾ: ಗ್ರೌಂಡ್ ಪ್ಲೇನೋ, ಕೊಲಿನಿಯರೋ?

ಸುತ್ತಲೂ ಸಮನಾಗಿ ಹರಡುವ ಆಂಟೆನಾ ಹೊಸ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ಆಕಾಶಕ್ಕೂ ನೆಲಕ್ಕೂ ಪೋಲಾಗುವುದನ್ನು ದಿಗಂತದತ್ತ ಒತ್ತುತ್ತದೆ. ಗೇನ್ ಎಂದರೆ ಅಷ್ಟೇ.

ಗ್ರೌಂಡ್ ಪ್ಲೇನ್‌ಗೆ 49 ಸೆಂ.ಮೀ. ನೆಟ್ಟನೆಯ ಕಡ್ಡಿ, 45 ಡಿಗ್ರಿ ಕೆಳಕ್ಕೆ ಬಾಗಿಸಿದ ನಾಲ್ಕು ಕಡ್ಡಿ, ಕೇಬಲ್ ಸಿಕ್ಕಿಸಲು ಒಂದು ಎಸ್‌ಒ-239 ಸಾಕೆಟ್ ಸಾಕು. ಗೇನ್ ಡೈಪೋಲ್‌ನ (ಎರಡು ತೋಳಿನ ಸಾದಾ ಆಂಟೆನಾ) ಆಸುಪಾಸು, ಅಂದರೆ ಸುಮಾರು 2 ಡಿಬಿಐ (ಮೇಲೆ ಕೆಳಗೆ ಸೇರಿ ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾಗೆ ಹೋಲಿಸಿದ ಡೆಸಿಬಲ್). ಅಳತೆ ಚೂರು ತಪ್ಪಿದರೂ ನಡೆಯುತ್ತದೆ.

ಕೋಆಕ್ಸ್ (ಒಳತಂತಿಯ ಸುತ್ತ ಹೊರಜಾಲರಿಯಿರುವ ಕೇಬಲ್) ತುಂಡುಗಳಿಂದ ಮಾಡುವ ಕೊಲಿನಿಯರ್ ಹಾಗೆಲ್ಲ ಕ್ಷಮಿಸುವುದಿಲ್ಲ. ಅರ್ಧತರಂಗದ ಕೇಬಲ್ ತುಂಡುಗಳನ್ನು ಒಂದರ ಮೇಲೊಂದು ಬೆಸೆಯುವಾಗ, ಪ್ರತಿ ಕೂಡುವಲ್ಲೂ ಒಳತಂತಿ ಮುಂದಿನ ತುಂಡಿನ ಹೊರಜಾಲರಿಗೆ, ಹೊರಜಾಲರಿ ಒಳತಂತಿಗೆ ಹೋಗಬೇಕು. ಆಗ ಮಾತ್ರ ಹೊರಮೈ ಕರೆಂಟ್‌ಗಳು ಒಂದೇ ಫೇಸ್‌ನಲ್ಲಿ, ಅಂದರೆ ಒಟ್ಟಿಗೆ ಏರಿಳಿಯುತ್ತಾ, ಕೂಡುತ್ತವೆ. ತುಂಡುಗಳ ಸಂಖ್ಯೆ ಇಮ್ಮಡಿಯಾದರೆ ಹೆಚ್ಚೆಂದರೆ 3 ಡಿಬಿ ಲಾಭ. ಆರ್‌ಜಿ-213 ಕೇಬಲ್‌ನ ವೆಲಾಸಿಟಿ ಫ್ಯಾಕ್ಟರ್ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್ ಒಳಗೆ ಅಲೆಯ ವೇಗ) 0.66, ಹಾಗಾಗಿ ತುಂಡಿನ ಉದ್ದ 103 ಅಲ್ಲ, 68 ಸೆಂ.ಮೀ., ಅದೂ ಬೆಸುಗೆಯಿಂದ ಬೆಸುಗೆಗೆ. ಒಳಗೆ ಫೋಮ್ ತುಂಬಿದ ಕೇಬಲ್‌ನಲ್ಲಿ ಈ ಅಂಕಿ ಬೇರೆ, ಅದಕ್ಕೂ ಇದೇ ಲೆಕ್ಕ ಹಾಕಿದರೆ ಕೆಟ್ಟಿತು: ಅಲೆ ದಿಗಂತ ಬಿಟ್ಟು ಓರೆಯಾಗುತ್ತದೆ, ಆಂಟೆನಾದಿಂದ ವಾಪಸಾಗುವ ಶಕ್ತಿಯನ್ನು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಮಾತ್ರ ಏನೂ ಆಗಿಲ್ಲವೆಂಬಂತೆ ಕೂತಿರಬಹುದು. ಬೆಸುಗೆಗೆ ಮಳೆನೀರು ಇಳಿದರೂ ಕಥೆ ಮುಗಿಯಿತು.

ಬಯಲಿನಲ್ಲಿ ದೂರದವರನ್ನು ಹಿಡಿಯಲು ಕೊಲಿನಿಯರ್. ಮನೆ ಕಣಿವೆಯಲ್ಲಿದ್ದು ರಿಪೀಟರ್ (ಸಂಕೇತ ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ತಲೆಯ ಮೇಲಿನ ಗುಡ್ಡದಲ್ಲಿದ್ದರೆ ಗ್ರೌಂಡ್ ಪ್ಲೇನೇ ಸರಿ; ಕೊಲಿನಿಯರ್‌ನ ಚಪ್ಪಟೆ ಅಲೆ ಗುಡ್ಡದ ಬುಡಕ್ಕೇ ಬಡಿಯುತ್ತದೆ.